ಜುಲೈನ 300 ಹೆಜ್ಜೆ, ಡಿಸೆಂಬರ್‌ನ 300 ಹೆಜ್ಜೆ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ಮತ್ತು ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ಹೋದ ಮಳೆಗಾಲದಲ್ಲಿ ಕುದುರೆಮುಖ ಹತ್ತುತ್ತಿದ್ದೆ. ಒಂಟಿಮರ ದಾಟಿ ಒಂದಷ್ಟು ದೂರ ಹೋದ ಮೇಲೆ ಒಂದು ಕಡೆ ನಿಂತುಬಿಟ್ಟೆ. ಎಲ್ಲಿ ಕಾಲಿಡಬೇಕು ಅಂತ ತಿಳಿಯಲಿಲ್ಲ. ಹುಲ್ಲುಗುಡ್ಡದ ಮೈಮೇಲೆ ಅಕ್ಕಪಕ್ಕ ನಾಲ್ಕು ದಾರಿ. ಮೊದಲನೆಯದು ಹಳೇ ಕಾಲುದಾರಿ. ಅದು ಮೊಣಕಾಲುದ್ದ ಕೊರಕಲಾಗಿ, ಒಳಗೆ ಕೆಂಪು ನೀರು ಹರಿಯುತ್ತಿತ್ತು. ಅದರಲ್ಲಿ ನಡೆಯಲು ಆಗದವರು ಪಕ್ಕದಲ್ಲಿ ಎರಡನೆಯದು ಮಾಡಿದ್ದರು. ಅದೂ ಕೆಸರಾದ ಮೇಲೆ ಮೂರನೆಯದು. ನಾಲ್ಕನೆಯದು ಅದೇ ವಾರದ್ದಿರಬೇಕು. ಹುಲ್ಲು ಮಲಗಿತ್ತು, ಬೇರು ಇನ್ನೂ ಮಣ್ಣು ಬಿಟ್ಟಿರಲಿಲ್ಲ.

ನಾನೂ ನಾಲ್ಕನೆಯದರಲ್ಲೇ ಹೋದೆ. ಮನೆಗೆ ಬಂದು ತಿಂಗಳಾದರೂ ಅದು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಈ ಪತ್ರ.

ಅಲ್ಲೇ ದಾರಿಯ ಅಂಚಿನಲ್ಲಿ ಬೂಟಿನ ಲೇಸ್ ಕಟ್ಟಲು ಬಗ್ಗಿದಾಗ ಒಂದು ಗಿಡ ಕಣ್ಣಿಗೆ ಬಿತ್ತು. ಒಂದು ರೂಪಾಯಿ ನಾಣ್ಯದಷ್ಟೇ ಅಗಲ. ನೆಲಕ್ಕೆ ಅಂಟಿಕೊಂಡ ಕೆಂಪು ಎಲೆಗಳು, ಎಲೆ ತುಂಬ ಸಣ್ಣ ಕೂದಲು, ಒಂದೊಂದು ಕೂದಲ ತುದಿಯಲ್ಲೂ ಇಬ್ಬನಿಯ ಹಾಗೆ ಒಂದು ಅಂಟು ಹನಿ. ಸಾಸಿವೆಗಿಂತ ಚಿಕ್ಕದೊಂದು ನೊಣ ಅದರಲ್ಲಿ ಸಿಕ್ಕಿಕೊಂಡು ಕಾಲು ಆಡಿಸುತ್ತಿತ್ತು. ಡ್ರಾಸೆರಾ, ಹುಳ ತಿನ್ನುವ ಗಿಡ. ಸದಾ ಒದ್ದೆಯಿರುವ, ಸಾರವಿಲ್ಲದ ಮಣ್ಣಿನಲ್ಲಿ ಅದು ಬದುಕುತ್ತದೆ. ಮಣ್ಣಿನಿಂದ ಸಿಗದ ಸಾರಜನಕವನ್ನು ಹುಳದಿಂದ ತೆಗೆದುಕೊಳ್ಳುತ್ತದೆ. ಒಂದು ಗೇಣು ಆಚೆ ಅದೇ ಜಾತಿಯ ಇನ್ನೊಂದು ಗಿಡ ಬೂಟಿನ ಅಚ್ಚಿನೊಳಗೆ ಹುದುಗಿ ಹೋಗಿತ್ತು. ತುಳಿದವರಿಗೆ ಗೊತ್ತೇ ಇರುವುದಿಲ್ಲ. ಕೆಸರು ತಪ್ಪಿಸಲು ಪಕ್ಕಕ್ಕೆ ಕಾಲಿಟ್ಟಿದ್ದಾರೆ, ಅಷ್ಟೆ.

ನಾನು ಹುಟ್ಟಿ ಬೆಳೆದಿದ್ದು ಕಳಸದ ಕಡೆ. ಅಡಿಕೆ ತೋಟದ ಮನೆ. ಮನೆಗೆ ರಸ್ತೆ ಇರಲಿಲ್ಲ, ಗುಡ್ಡ ಇಳಿದು ಬರುವ ಕಾಲುದಾರಿ ಇತ್ತು. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಅಪ್ಪಯ್ಯ ಹಾರೆ ಗುದ್ದಲಿ ಹೆಗಲಿಗಿಟ್ಟು ಹೊರಡುತ್ತಿದ್ದರು. ಕತ್ತಿ ಹಿಡಿದು ಅವರ ಹಿಂದೆ ನಾನು. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಉದ್ದದ ಕಲ್ಲುಗಳನ್ನು ನೆಲದಲ್ಲಿ ಹೂಳುತ್ತಿದ್ದರು. ಕಡಿದಾದ ಕಡೆ ಹತ್ತು ಹೆಜ್ಜೆಗೊಂದು, ಇಳಿಜಾರು ಕಮ್ಮಿ ಇರುವ ಕಡೆ ಮೂವತ್ತು ಹೆಜ್ಜೆಗೊಂದು. ದಾರಿಯ ಮೇಲೆ ಇಳಿದು ಬರುವ ನೀರು ಆ ಕಲ್ಲಿಗೆ ತಾಗಿ ಪಕ್ಕದ ಹುಲ್ಲಿಗೆ ತಿರುಗಬೇಕು. "ನೀರು ದಾರಿ ಮೇಲೆ ಹತ್ತು ಮಾರು ನಡೀತು ಅಂದ್ರೆ ಆಮೇಲೆ ಓಡೋಕೆ ಶುರು ಮಾಡುತ್ತೆ ಮಗಾ," ಅನ್ನುತ್ತಿದ್ದರು. ಮಳೆ ಒಂದು ಗಳಿಗೆ ಬಿಟ್ಟಾಗ ಇನ್ನೊಂದು ಸಲ ಹೋಗಿ ಕಲ್ಲಿನ ಹಿಂದೆ ತುಂಬಿಕೊಂಡ ಮಣ್ಣು, ತರಗೆಲೆ ಎಳೆದು ಹಾಕುತ್ತಿದ್ದರು. ಇಷ್ಟೇ ಕೆಲಸ. ಆ ದಾರಿಯಲ್ಲಿ ಅಡಿಕೆ ಮೂಟೆ ಹೊತ್ತವರು ನಡೆದಿದ್ದಾರೆ, ದನಕರು ನಡೆದಿವೆ, ದಿಬ್ಬಣ ನಡೆದಿದೆ. ದಾರಿ ಮಾತ್ರ ಕೊನೆತನಕ ಒಂದೇ ಇತ್ತು.

ಕುದುರೆಮುಖದ ನಾಲ್ಕು ದಾರಿ ನೋಡಿದಾಗ ನನಗೆ ನೆನಪಾಗಿದ್ದು ಆ ಕಲ್ಲುಗಳು.

ಇಲಾಖೆ ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಜಾತ್ರೆಯ ಹಾಗಿತ್ತು. ಆಮೇಲೆ ಫೆಬ್ರವರಿಯಿಂದ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿದಿರಿ. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಬಂತು. ಆಗ ಬೈದವರು ಬೇಕಾದಷ್ಟಿದ್ದರು. ನಾನು ಖುಷಿಪಟ್ಟವಳು. ಆ ನಿರ್ಧಾರಕ್ಕೆ ಈಗಲೂ ಧನ್ಯವಾದ ಹೇಳುತ್ತೇನೆ. ಎಣಿಕೆಯೇ ಇಲ್ಲದ ಕಡೆ ಎಣಿಕೆ ತರುವುದು ಸಣ್ಣ ಕೆಲಸವಲ್ಲ.

ಆದರೆ ಜುಲೈನಲ್ಲಿ ಬಂದ 300 ಜನ, ಡಿಸೆಂಬರ್‌ನಲ್ಲಿ ಬಂದ 300 ಜನ ಗುಡ್ಡಕ್ಕೆ ಒಂದೇ ಅಲ್ಲ. ನನ್ನ ಮನವಿಯ ತಿರುಳು ಇದೇ.

ಲೆಕ್ಕ ಹಾಕಿ ನೋಡಿ. 300 ಜನ ಹತ್ತಿ ಇಳಿದರೆ ಒಂದೇ ಜಾಗದ ಮೇಲೆ 600 ಸಲ ಹಾದುಹೋಗುತ್ತಾರೆ. ಡಿಸೆಂಬರ್‌ನಲ್ಲಿ ನೆಲ ಗಟ್ಟಿ. ಹುಲ್ಲು ಒಣಗಿ ಬಲಿತಿರುತ್ತದೆ. ಧೂಳೇಳುತ್ತದೆ, ಅಷ್ಟೆ. ಜುಲೈನಲ್ಲಿ ಅದೇ ನೆಲ ನೆನೆಸಿಟ್ಟ ಅವಲಕ್ಕಿಯ ಹಾಗಿರುತ್ತದೆ. ಕುದುರೆಮುಖದ ಮಳೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು. ಅದರಲ್ಲಿ ಬಹುಪಾಲು ಈ ಮೂರು ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬಂಡೆಯ ಮೇಲೆ ತೆಳ್ಳಗೆ ಕೂತಿರುವ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರೇ. ಬೂಟು ಜಾರಿದ ಕಡೆ ಬೇರು ಕೀಳುತ್ತದೆ. ಅಲ್ಲಿ ನೀರು ನಿಲ್ಲುತ್ತದೆ, ಆಮೇಲೆ ಹರಿಯುತ್ತದೆ, ಆಮೇಲೆ ಕೊರೆಯುತ್ತದೆ. ಕೊರಕಲು ಕಂಡವರು ಪಕ್ಕಕ್ಕೆ ಸರಿಯುತ್ತಾರೆ. ಹೀಗೆ ಒಂದು ದಾರಿ ನಾಲ್ಕಾಗುತ್ತದೆ. ನಮ್ಮ ಕಡೆ ನಾಟಿ ಮಾಡಿದ ಗದ್ದೆಗೆ ಯಾರೂ ದನ ಬಿಡುವುದಿಲ್ಲ, ಅಲ್ವಾ? ಕೊಯ್ಲು ಆದ ಮೇಲೆ ಬಿಡುತ್ತಾರೆ. ಗದ್ದೆಯೂ ಅದೇ, ದನವೂ ಅದೇ.

ಜನ ಬರುವುದು ಮಾತ್ರ ಮಳೆಗಾಲದಲ್ಲೇ ಜಾಸ್ತಿ. ಅವರನ್ನು ದೂರುವ ಮನಸ್ಸು ನನಗಿಲ್ಲ. ಹಸಿರು ನೋಡಬೇಕು ಅನ್ನುವ ಆಸೆ ಯಾರಿಗಿಲ್ಲ? ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು, ಬಸ್ಸಿನಲ್ಲಿ ಅರೆನಿದ್ದೆ ಮಾಡಿ, ಬೆಳಗ್ಗೆ ಜೀಪಿನಲ್ಲಿ ಕುದುರೆಮುಖ ಚಾರಣ ಶುರುವಾಗುವ ಮುಳ್ಳೋಡಿಗೆ ಬಂದು, ಇಡೀ ದಿನ ನೆನೆದು ನಡೆದು, ಸಂಜೆ ಇಂಬಳ ಕಿತ್ತುಕೊಳ್ಳುತ್ತಾ ನಗುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಪ್ರೀತಿಯೇ. ಸಾಫ್ಟ್‌ವೇರ್ ಕಂಪನಿಯ ಕುರ್ಚಿ ಬಿಟ್ಟು ಮೊದಲ ಸಲ ಕಣಿವೆಯ ಶೋಲಾ ಕಾಡಿನೊಳಗೆ ಕಾಲಿಟ್ಟ ಹುಡುಗಿಯೊಬ್ಬಳು, "ಆಂಟಿ, ಇಲ್ಲಿ ಮಳೆ ನಿಂತರೂ ಮರ ಮಳೆ ಸುರಿಸ್ತಾನೇ ಇರುತ್ತೆ ನೋಡಿ," ಅಂದಳು. ಅಷ್ಟು ಚೆಂದವಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಇವರನ್ನೆಲ್ಲ ಗುಡ್ಡದಿಂದ ದೂರ ಇಡಿ ಅಂತ ನಾನು ಕೇಳುತ್ತಿಲ್ಲ.

ಕೇಳುವುದು ಇಷ್ಟು. ಮಿತಿ ಋತುವನ್ನು ನೋಡಿ ಬದಲಾಗಲಿ. ಜುಲೈ, ಆಗಸ್ಟ್‌ನಲ್ಲಿ ಹುಲ್ಲುಗುಡ್ಡದ ದಾರಿಗಳಿಗೆ ದಿನಕ್ಕೆ 100 ಜನ ಸಾಕು. ವಾರದಲ್ಲಿ ಎರಡು ದಿನ ದಾರಿಗೆ ಪೂರ್ತಿ ರಜೆ ಕೊಡಿ. ಮಳೆ ಬಿಟ್ಟು ನೆಲ ಗಟ್ಟಿಯಾದ ಮೇಲೆ, ನವೆಂಬರ್‌ನಿಂದ ಜನವರಿವರೆಗೆ, ಬೇಕಾದರೆ 300 ಜನ ಬರಲಿ. ಬೆಂಕಿಯ ಕಾಲದಲ್ಲಿ ಚಾರಣ ನಿಲ್ಲಿಸುವುದನ್ನು ಜನ ಒಪ್ಪಿಕೊಂಡಿದ್ದಾರೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅದಾದ ಮೇಲೆ ಬೇಸಿಗೆಯ ಮುಚ್ಚುವಿಕೆಯನ್ನು ತಿಳಿದವರು ಪ್ರಶ್ನೆ ಮಾಡಲಾರರು. ಬೆಂಕಿ ಕಣ್ಣಿಗೆ ಕಾಣುತ್ತದೆ, ಕಾರಣ ಹೇಳುವುದು ಸುಲಭ. ಮಣ್ಣು ಮೆಲ್ಲಗೆ ಹೋಗುತ್ತದೆ. ಅದರ ಕಾರಣವನ್ನೂ ಟಿಕೆಟ್ ಕೊಡುವಾಗಲೇ ನಾಲ್ಕು ಸಾಲಿನಲ್ಲಿ ಹೇಳಿದರೆ ಜನ ಒಪ್ಪುತ್ತಾರೆ ಅನ್ನುವ ನಂಬಿಕೆ ನನಗಿದೆ.

ಆ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದು ಈ ಸೀಮೆಯವರಿಗೆ ಚೆನ್ನಾಗಿ ಗೊತ್ತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಬೆಟ್ಟಸಾಲಿನಲ್ಲಿ. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ಇರುವ ಈ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲೇ ಕಬ್ಬಿಣದ ಅದಿರಿನ ಗಣಿ ನಡೆಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ನಾನು ಶಾಲೆಗೆ ಹೋಗುವಾಗ ನೋಡಿದ್ದೇನೆ. ಜನ ಹೋರಾಡಿದರು, ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಕಾಲುದಾರಿಯ ಕೊರಕಲನ್ನು ಗಣಿಯ ಜೊತೆ ಹೋಲಿಸುವಷ್ಟು ತಿಳಿಗೇಡಿ ನಾನಲ್ಲ. ಗಣಿ ಗುಡ್ಡವನ್ನೇ ತಿಂದಿತ್ತು. ಆದರೆ ಮಳೆ ಅದೇ, ಮಣ್ಣು ಅದೇ, ಹೊಳೆ ಅದೇ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಗುಡ್ಡವನ್ನು ಅದರ ಮೇಲಿನ ಪ್ರೀತಿಯಿಂದ ಬಂದವರ ಕಾಲೇ ಸವೆಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ಹುಲ್ಲುಗುಡ್ಡಗಳನ್ನು ಬೋಳುಗುಡ್ಡ, ಖಾಲಿ ಜಾಗ ಅಂದುಕೊಳ್ಳುವವರು ಇನ್ನೂ ಇದ್ದಾರೆ. ಕಣಿವೆಯಲ್ಲಿ ಶೋಲಾ ಕಾಡು, ಮೇಲೆ ಹುಲ್ಲು. ಎರಡೂ ಸೇರಿ ಮಳೆನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತವೆ. ಸಿಂಗಳೀಕಕ್ಕೆ ಕಾಡು ಬೇಕು, ಕಡವೆ, ಕಾಟಿಗೆ ಮೇಯಲು ಹುಲ್ಲು ಬೇಕು. ಮಳೆಗಾಲದಲ್ಲಿ ಹುಲ್ಲಿನ ಬುಡದಲ್ಲೇ ಗೂಡು ಕಟ್ಟುವ ಸಣ್ಣ ಹಕ್ಕಿಗಳೂ ಇವೆ. ದಾರಿ ನಾಲ್ಕಾದರೆ ಅವುಗಳ ಮನೆಯಂಗಳದಲ್ಲಿ ನಾಲ್ಕು ರಸ್ತೆ ಆದ ಹಾಗೆ.

ಈಗ ದಾರಿಯ ಕೆಲಸದ ವಿಷಯ. ಬರೀ ಜನರನ್ನು ಕಮ್ಮಿ ಮಾಡಿದರೆ ಆಗಲೇ ಕೊರೆದಿರುವ ಕೊರಕಲು ಮುಚ್ಚಿಕೊಳ್ಳುವುದಿಲ್ಲ. ಅದರಲ್ಲಿ ಯಾರೂ ನಡೆಯದಿದ್ದರೂ ನೀರು ನಡೆಯುತ್ತಲೇ ಇರುತ್ತದೆ. ಕೈಯಿಂದಲೇ ರಿಪೇರಿ ಆಗಬೇಕು.

ಕೆಲವು ವರ್ಷದ ಹಿಂದೆ ಇನ್ನೊಂದು ಬೆಟ್ಟದಲ್ಲಿ ನನ್ನ ಗೆಳತಿಯ ಕಾಲು ಹುಲ್ಲು ಮುಚ್ಚಿಕೊಂಡಿದ್ದ ಕೊರಕಲಿಗೆ ಇಳಿದು, ಪಾದದ ಗಂಟು ಮುರಿಯಿತು. ಮಂಜು ಕವಿದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಜೊತೆಗೆ ಬಂದಿದ್ದ ಊರಿನ ಇಬ್ಬರು ಹುಡುಗರು ಎರಡು ಗಳ ಕಡಿದು, ಕಂಬಳಿ ಕಟ್ಟಿ, ಜೋಲಿ ಮಾಡಿ ಅವಳನ್ನು ಹೊತ್ತು ಇಳಿಸಿದರು. ನಾಲ್ಕು ಗಂಟೆ ಹಿಡಿಯಿತು. ಕೆಳಗೆ ಬಂದು ಕಾಫಿ ಕುಡಿಯುವಾಗ ಅವರಲ್ಲಿ ದೊಡ್ಡವನು ಹೇಳಿದ: "ಅಕ್ಕಾ, ಆ ಜಾಗಕ್ಕೆ ನಾಲ್ಕು ಕಲ್ಲು ಕೊಟ್ರೆ ಆಗೋದು. ಎರಡು ದಿನದ ಕೆಲಸ. ನಾವು ತೋಟದಲ್ಲಿ ದಿನಾ ಮಾಡೋದೇ ಅದು."

ಅವನ ಮಾತು ಅಕ್ಷರಕ್ಷರ ನಿಜ. ಮಲೆನಾಡಿನಲ್ಲಿ ಅಡಿಕೆ, ಕಾಫಿ ಮಾಡುವ ಯಾರನ್ನೇ ಕೇಳಿ, ಬಸಿಗಾಲುವೆ ತೆಗೆಯದೆ ತೋಟ ಉಳಿಯುವುದಿಲ್ಲ ಅನ್ನುತ್ತಾರೆ. ನೀರನ್ನು ಎಲ್ಲಿ ತಿರುಗಿಸಬೇಕು, ಎಷ್ಟು ಓರೆ ಇಡಬೇಕು, ಯಾವ ಕಲ್ಲು ನಿಲ್ಲುತ್ತದೆ, ಯಾವುದು ಉರುಳುತ್ತದೆ ಅನ್ನುವುದು ಇಲ್ಲಿಯ ಜನರ ಕೈಗೆ ಗೊತ್ತು. ಹೊರಗಿನಿಂದ ಇಂಜಿನಿಯರ್ ಬರಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ. ಉದ್ಯಾನದ ಒಳಗೆ, ಅಂಚಿನಲ್ಲಿ ಇರುವ ಊರುಗಳಿಂದ ಒಂದೊಂದು ದಾರಿಗೆ ಆರೆಂಟು ಜನರ ತಂಡ ಕಟ್ಟಿ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಬಿಟ್ಟ ಮೇಲೆ, ಅವರಿಗೆ ದಾರಿಯ ಕೆಲಸ ಕೊಡಿ. ಮಳೆಗಾಲದ ನಡುವೆ ತಿಂಗಳಿಗೊಂದು ಸಲ ಹೋಗಿ ಕಲ್ಲಿನ ಹಿಂದೆ ಕೂತ ಮಣ್ಣು ತೆಗೆಯಲಿ. ಬಿಟ್ಟ ದಾರಿಗಳಿಗೆ ಹುಲ್ಲಿನ ಸಮೇತ ಮಣ್ಣಿನ ಹೆಂಟೆ ಕೂರಿಸಲಿ, ಅಡ್ಡ ಮುಳ್ಳು ಹಾಕಲಿ. ಕೆಸರಿನ ಜಾಗಕ್ಕೆ ಹೆಜ್ಜೆಗೊಂದು ಚಪ್ಪಟೆ ಕಲ್ಲು ಇಟ್ಟರೆ ಯಾರೂ ಪಕ್ಕಕ್ಕೆ ಹೋಗುವುದಿಲ್ಲ. ಆ ಡ್ರಾಸೆರಾ ಗಿಡ ಅಲ್ಲೇ ಇರುತ್ತದೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ನಾವು ಕೊಡುವ ಟಿಕೆಟಿನಿಂದ. ಒಂದು ದಾರಿಯಲ್ಲಿ ಬಂದ ದುಡ್ಡಿನ ಒಂದು ಪಾಲು ಅದೇ ದಾರಿಗೆ, ಅದೇ ಊರಿನವರ ಕೂಲಿಗೆ ಅಂತ ನಿಯಮ ಮಾಡಿ. ಪರಿಸರ ಅಭಿವೃದ್ಧಿ ಸಮಿತಿ, ಗ್ರಾಮ ಅರಣ್ಯ ಸಮಿತಿ ಅನ್ನುವ ವ್ಯವಸ್ಥೆ ನಿಮ್ಮಲ್ಲಿ ಮೊದಲಿಂದ ಇದೆ. ಅವುಗಳ ಮೂಲಕವೇ ಕೊಡಬಹುದು. ವರ್ಷದ ಕೊನೆಗೆ ಎಷ್ಟು ಬಂತು, ದಾರಿಗೆ ಎಷ್ಟು ಹೋಯಿತು ಅಂತ ಚೆಕ್‌ಪೋಸ್ಟಿನ ಗೋಡೆ ಮೇಲೆ ಬರೆದು ಹಾಕಿ. ಟಿಕೆಟ್ ದರ ಐವತ್ತು ರೂಪಾಯಿ ಜಾಸ್ತಿ ಮಾಡಿದರೂ ಅದನ್ನು ಓದಿದ ಮೇಲೆ ಯಾರೂ ಗೊಣಗುವುದಿಲ್ಲ. ಉದ್ಯಾನದೊಳಗಿನ ಜನ ಎಷ್ಟೋ ವರ್ಷದಿಂದ ತಮ್ಮನ್ನು ಯಾವಾಗ ಏಳಿಸುತ್ತಾರೋ ಅನ್ನುವ ಆತಂಕದಲ್ಲೇ ಬದುಕಿದ್ದಾರೆ. ಅದೇ ಗುಡ್ಡವನ್ನು ಕಾಯುವ ಕೆಲಸ ಅವರ ಕೈಗೆ ಬಂದರೆ ಅದರ ಬೆಲೆ ಕೂಲಿಗಿಂತ ಜಾಸ್ತಿ.

ಒಂದು ಭಯವೂ ಇದೆ, ಹೇಳಿಬಿಡುತ್ತೇನೆ. ದಾರಿ ಸರಿ ಮಾಡಿ ಅಂದರೆ ಕಾಂಕ್ರೀಟ್ ಮೆಟ್ಟಿಲು, ಕಬ್ಬಿಣದ ಕಂಬಿ ಬಂದುಬಿಡುತ್ತದೆ. ದಯವಿಟ್ಟು ಅದು ಬೇಡ. ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೂ ರಸ್ತೆ ಹೋಗಿದೆ. ಕೊಡಚಾದ್ರಿಯಲ್ಲಿ ಜೀಪಿನ ಚಕ್ರಗಳು ಮಾಡಿದ ದಾರಿಯನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ನಾನು ಕೇಳುತ್ತಿರುವುದು ಕಲ್ಲು, ಮಣ್ಣು, ಹುಲ್ಲು, ಅದೂ ಅಲ್ಲೇ ಸಿಗುವಂಥದ್ದು. ಹತ್ತಿರ ಹೋಗಿ ನೋಡಿದರೆ ಮಾತ್ರ ಕೆಲಸ ಆಗಿದೆ ಅಂತ ಗೊತ್ತಾಗಬೇಕು.

ಪಕ್ಕದ ರಾಜ್ಯಗಳನ್ನೂ ಸ್ವಲ್ಪ ನೋಡಿ. ಕೇರಳದ ಅಗಸ್ತ್ಯಕೂಡಂ ಚಾರಣ ಮಳೆಗಾಲದಲ್ಲಿ ಇಲ್ಲ. ಜನವರಿಯಲ್ಲಿ ಶುರುವಾಗಿ ಕೆಲವೇ ವಾರ ನಡೆಯುತ್ತದೆ. ಜನ ಅದಕ್ಕಾಗಿ ವರ್ಷವಿಡೀ ಕಾಯುತ್ತಾರೆ. ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ 40 ಚಾರಣ ದಾರಿಗಳನ್ನು ಒಂದೇ ವ್ಯವಸ್ಥೆಯಡಿ ತೆರೆಯಿತು. ಅಲ್ಲಿ ತರಬೇತಿ ಪಡೆದ ಸ್ಥಳೀಯ ಯುವಕ ಯುವತಿಯರೇ ಮುಂದೆ ನಡೆಯುತ್ತಾರೆ. ನಮ್ಮಲ್ಲೂ ಊರಿನ ಹುಡುಗರು ಜೊತೆಗೆ ಬರುತ್ತಾರೆ, ಕಾಡು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ, ಒಂದು ವಾಕಿಟಾಕಿ, ಮತ್ತು "ಹುಲ್ಲಿಗೆ ಇಳಿಯಬೇಡಿ" ಅಂತ ಹೇಳಿದಾಗ ಕೇಳಲೇಬೇಕಾದ ಅಧಿಕಾರ ಕೊಡಿ. ಈಗ ಅವರು ಹೇಳಿದರೆ ಕೆಲವರು ನಕ್ಕು ಮುಂದೆ ಹೋಗುತ್ತಾರೆ. ನಾನೇ ನೋಡಿದ್ದೇನೆ.

ಇನ್ನೊಂದು ಮಾತು, ಚಿಕ್ಕದು. ದಾರಿ ಶುರುವಾಗುವ ಪ್ರತಿ ಕಡೆಯೂ ಹೆಂಗಸರಿಗೆ ನೀರಿರುವ ಶೌಚಾಲಯ ಬೇಕು. ಅದಿಲ್ಲದ ಕಡೆ ಹಳ್ಳದ ಬದಿಯಲ್ಲಿ ಏನೇನು ಬಿದ್ದಿರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಚಾರಣಕ್ಕೆ ಹೋಗುವ ನನ್ನಂಥವರಿಗೂ ಈ ಪತ್ರ ತಲುಪಲಿ. ಕೆಸರಿನಲ್ಲಿ ನಡೆಯೋಣ. ಬೂಟು ತೊಳೆದರೆ ಹೋಗುತ್ತದೆ. ಫೋಟೋಗೆ ಅಂತ ಹುಲ್ಲಿನೊಳಗೆ ಹತ್ತು ಹೆಜ್ಜೆ ಹೋಗುವುದು ಬೇಡ, ಏಕೆಂದರೆ ನಿಮ್ಮ ಹಿಂದೆ ಅದೇ ಫೋಟೋಗೆ ಇನ್ನೂ ಮೂವತ್ತು ಜನ ಹೋಗುತ್ತಾರೆ. ಸ್ಪೀಕರ್ ಮನೆಯಲ್ಲೇ ಇರಲಿ. ಸಿಳ್ಳಾರ ಹಕ್ಕಿ ಬೆಳಗ್ಗೆ ಹಳ್ಳದ ಹತ್ತಿರ ಸಿಳ್ಳೆ ಹಾಕುವುದನ್ನು ಒಂದು ಸಲ ಕೇಳಿ, ಆಮೇಲೆ ನಿಮಗೇ ಸ್ಪೀಕರ್ ಬೇಡ ಅನ್ನಿಸುತ್ತದೆ. ಟಿಕೆಟ್ ಸಿಗಲಿಲ್ಲ ಅಂದರೆ ಸುಮ್ನೆ ಕಳ್ಳದಾರಿ ಹುಡುಕಬೇಡಿ. ಇನ್ನೊಂದು ತಿಂಗಳು ಬನ್ನಿ. ಡಿಸೆಂಬರ್‌ನ ಬೆಳಗ್ಗೆ ಮಂಜು ಕೆಳಗಿನ ಕಣಿವೆಯಲ್ಲಿ ನಿಂತು, 1894 ಮೀಟರ್ ಎತ್ತರದ ಆ ತುದಿಯಿಂದ ಪಡುವಣಕ್ಕೆ ಕರಾವಳಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಮೂರು ಸಲ ಹತ್ತಿದರೂ ಅದು ನನಗೆ ಕಂಡಿರಲಿಲ್ಲ.

ಮಾನ್ಯರೇ, ರಾಷ್ಟ್ರೀಯ ಉದ್ಯಾನದೊಳಗೆ ನಾವಾಗಿ ಒಂದು ಕಲ್ಲು ಅಲುಗಿಸುವಂತಿಲ್ಲ. ಅದು ಸರಿಯಾದ ಕಾನೂನು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಇಡೀ ರಾಜ್ಯಕ್ಕೆ ಒಂದೇ ಸಲ ಆದೇಶ ಮಾಡುವುದು ಕಷ್ಟ ಅನ್ನಿಸಿದರೆ ಒಂದೇ ಒಂದು ದಾರಿಯಲ್ಲಿ ಶುರು ಮಾಡಿ. ಒಂಟಿಮರದಿಂದ ಮೇಲಿನ ಆ ಒಂದು ಕಿಲೋಮೀಟರ್ ಸಾಕು. ಬರುವ ನವೆಂಬರ್‌ನಲ್ಲಿ, ಮಳೆ ಬಿಟ್ಟ ಮೇಲೆ, ಮುಳ್ಳೋಡಿಯ ಕಡೆಯ ಎಂಟು ಜನರಿಗೆ ಹದಿನೈದು ದಿನದ ಕೆಲಸ ಕೊಡಿ. ಮೂರು ದಾರಿ ಮುಚ್ಚಿ ಒಂದನ್ನು ಉಳಿಸಲಿ. ಮುಂದಿನ ಮಳೆಗಾಲ ಮುಗಿದ ಮೇಲೆ ಹೋಗಿ ನೋಡೋಣ, ಹುಲ್ಲು ಎಷ್ಟು ವಾಪಸ್ ಬಂದಿದೆ ಅಂತ.

ಕಲ್ಲು ಹೊರಲು ಜನ ಬೇಕು ಅಂದರೆ ನಾನು, ನನ್ನ ಜೊತೆ ನಡೆಯುವ ಹನ್ನೊಂದು ಜನ ಬರುತ್ತೇವೆ. ನಮ್ಮ ಊಟ, ಬಸ್ಸಿನ ಖರ್ಚು ನಮ್ಮದೇ. ಅಪ್ಪಯ್ಯನ ಹಾರೆ ಇನ್ನೂ ಮನೆಯಲ್ಲಿದೆ. ಅದನ್ನೂ ತರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಕಳಸ ಸೀಮೆಯ ಒಬ್ಬಳು ಹೆಣ್ಣುಮಗಳು